ಅಳಿವೆ ದಾಟುವಾಗ ಹಿಂದೆ ನೋಡಿದ್ದು

ದೆವ್ವ, ಪೀಡೆ, ಸತ್ತವರು ಬಂದು ನಿಲ್ಲುವುದು, ಇವನ್ನೆಲ್ಲ ನಂಬುವವರ ಸಾಲಿನಲ್ಲಿ ನಾನು ಯಾವತ್ತೂ ನಿಂತವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನದನ್ನು ಓದಿ, ಪಾಪ, ಈ ಹೆಂಗಸಿಗೆ ಸಣ್ಣಂದಿನಿಂದಲೂ ಹಾಗೇ ಇರಬೇಕು ಎಂದುಕೊಳ್ಳುತ್ತೀರಿ. ಹಳದೀಪುರದ ನಮ್ಮ ಕೇರಿಯ ಹುಣಸೆ ಮರದ ಬುಡದಲ್ಲಿ ಬಿಳಿ ಸೀರೆಯವಳೊಬ್ಬಳು ಕೂತಿರುತ್ತಾಳೆಂದು ಊರೆಲ್ಲ ಸುತ್ತು ಬಳಸಿ ಓಡಾಡುತ್ತಿದ್ದಾಗ, ಹನ್ನೆರಡು ವರ್ಷದ ನಾನು ಟಾರ್ಚು ಹಿಡಿದು ಹೋಗಿ ನೋಡಿದ್ದೆ. ಕೂತಿದ್ದದ್ದು ಮಗ್ಗುಲು ಮನೆಯ ಬಿಳಿ ಕರು. ಅದರ ಹಗ್ಗ ಹಿಡಿದು ಕೊಟ್ಟಿಗೆಗೆ ಮುಟ್ಟಿಸಿ ಬಂದೆ. ಅಂದಿನಿಂದ ಯಾರಾದರೂ ಇಂಥ ಕತೆ ತೆಗೆದರೆ, "ಕರುವೋ, ಎಮ್ಮೆಯೋ?" ಎಂದು ಕೇಳುವುದು ನನ್ನ ಚಾಳಿಯಾಯಿತು.

ಇನ್ನೊಂದು ಮಾತು. ಇಂಥ ಕತೆಗೆ ಅಮಾವಾಸ್ಯೆ ಬೇಕು, ನಡುರಾತ್ರಿ ಬೇಕು, ನಾಯಿ ಊಳಿಡಬೇಕು. ನನ್ನದರಲ್ಲಿ ಅವೊಂದೂ ಇಲ್ಲ. ಮಟಮಟ ಮಧ್ಯಾಹ್ನ. ಊಟವಾಗಿತ್ತು, ಫ್ಯಾನು ತಿರುಗುತ್ತಿತ್ತು, ಪಕ್ಕದಲ್ಲಿ ಮಂಗಳೂರಿನ ಎಂಜಿನಿಯರ್ ಹುಡುಗ ಬಾಳೆಹಣ್ಣು ಸುಲಿಯುತ್ತಿದ್ದ. ಹಾಗಾಗಿ ನಿದ್ದೆಗಣ್ಣು, ಕತ್ತಲೆ, ಹೆದರಿಕೆ ಎಂಬ ಸಬೂಬು ನನಗೂ ಇಲ್ಲ, ನಿಮಗೂ ಇಲ್ಲ.

ಎರಡು ಸಾವಿರದ ಎಂಟು-ಒಂಬತ್ತರ ಸುಮಾರಿನ ಮಾತು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಕುಮಟೆಯಲ್ಲಿ ನಾಲ್ಕು ವರ್ಷ ಹುಡುಗರಿಗೆ ಪಾಠ ಹೇಳಿ, ಆಮೇಲೆ ಹೊನ್ನಾವರದ ಬಂದರದ ಹತ್ತಿರ ಇದ್ದ ಒಂದು ತರಬೇತಿ ಕೇಂದ್ರಕ್ಕೆ ಸೇರಿದ್ದೆ. ಮೀನುಗಾರರಿಗೆ ವಯರ್‌ಲೆಸ್ಸು, ಜಿಪಿಎಸ್ಸು, ಮೀನಿನ ಹಿಂಡು ತೋರಿಸುವ ಯಂತ್ರ ಇವನ್ನು ಬಳಸಲು ಕಲಿಸುವುದು ನನ್ನ ಕೆಲಸ. ಒಂದು ವರ್ಷ ಅಲ್ಲಿಗೆ ಹೊಸ ಸಾಮಾನು ಬಂತು. ಹೊಸದು ನಮಗೆ, ಮುಂಬಯಿಯಲ್ಲಿ ಹಡಗಿನ ನೌಕರರಿಗೆ ಕಲಿಸುವ ಯಾವುದೋ ಶಾಲೆ ಹಳೆಯದಾಯಿತೆಂದು ಬಿಟ್ಟದ್ದು. ಎರಡು ಕಂಪ್ಯೂಟರು, ಒಂದು ಚುಕ್ಕಾಣಿಯ ಚಕ್ರ, ವೇಗ ಹೆಚ್ಚುಕಡಿಮೆ ಮಾಡುವ ಒಂದು ಹಿಡಿಕೆ, ಮುಖಕ್ಕೆ ಕಟ್ಟಿಕೊಳ್ಳುವ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಎರಡು ಕಣ್ಣಿಗೆ ಎರಡು ಪುಟ್ಟ ಪರದೆ. ಕಟ್ಟಿಕೊಂಡರೆ ಎದುರಿಗೆ ಕಡಲು. ತಲೆ ಬಲಕ್ಕೆ ತಿರುಗಿಸಿದರೆ ಬಲದ ದಂಡೆ, ಎಡಕ್ಕೆ ತಿರುಗಿಸಿದರೆ ಎಡದ ದಂಡೆ. ಇದಕ್ಕೆ ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ ಎಂದು ನಾನು ದೊಡ್ಡ ಗಂಟಲಿನಲ್ಲಿ ವಿವರಿಸಿದೆ. ಬಂದರದವರು ಅದಕ್ಕೆ 'ಕಣ್ಣಿನ ಪೆಟ್ಟಿಗೆ' ಎಂದು ಹೆಸರಿಟ್ಟರು. ಅದೇ ನಿಂತಿತು.

ಪ್ರಕಾಶ ಎಂಬ ಎಂಜಿನಿಯರ್ ಮಂಗಳೂರಿನಿಂದ ಬಂದು ನಮ್ಮ ಅಳಿವೆಯನ್ನೇ ಅದರೊಳಗೆ ಕೂರಿಸಿದ. ಶರಾವತಿ ಕಡಲು ಸೇರುವ ಆ ಬಾಯಿಯಲ್ಲಿ ನೀರಿನಡಿ ಮರಳು ದಿಬ್ಬ ಕಟ್ಟುತ್ತದೆ. ಬೋಟು ಹೋಗಬೇಕಾದ್ದು ದಿಬ್ಬ ತಪ್ಪಿಸಿಕೊಂಡ ಒಂದು ಕಿರಿದಾದ ಹಾದಿಯಲ್ಲಿ. ತಪ್ಪಿದರೆ ಅಡಿ ಮರಳಿಗೆ ಹತ್ತುತ್ತದೆ, ಹಿಂದಿನಿಂದ ಬಂದ ತೆರೆ ಬೋಟನ್ನು ಮಗುಚುತ್ತದೆ. ಎಳೆಯ ಹುಡುಗರು ಜೀವ ಪಣಕ್ಕಿಟ್ಟೇ ಇದನ್ನು ಕಲಿಯಬೇಕಿತ್ತು. ಪೆಟ್ಟಿಗೆಯೊಳಗಾದರೆ ನೂರು ಸಲ ಮಗುಚಿದರೂ ಅಂಗಿ ಒದ್ದೆಯಾಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಆಳ ಅಳೆಸಿ, ಫೋಟೋ ತೆಗೆದು, ಬಡಗು ಬದಿಗಿದ್ದ ಹಾದಿಯನ್ನು ಪ್ರಕಾಶ ಅಂಗುಲ ತಪ್ಪದೆ ಕೂರಿಸಿದ್ದ. ಎದುರಿನ ಕಡಲಲ್ಲದೆ, ಹಿಂದೆ ತಿರುಗಿದರೆ ಕಾಣುವ ಬಂದರು, ಸೇತುವೆ, ಮರಳಿನ ಚಾಚು ಎಲ್ಲ ಬಿಡಿಸಲು ಒಂದು ತಿಂಗಳು ಕೂತಿದ್ದ ಪಾಪ.

ಆದರೆ ಕಲಿಯಲು ಬಂದ ಒಬ್ಬನೂ ಹಿಂದೆ ತಿರುಗಿ ನೋಡಲಿಲ್ಲ! ಅಂಕದ ಹಾಳೆಯಲ್ಲಿ 'ಸುತ್ತಲೂ ಗಮನ' ಎಂದು ಐದು ಅಂಕ ಇಟ್ಟಿದ್ದೆ. ಎಲ್ಲರಿಗೂ ಸೊನ್ನೆ. ಬೈದು ನೋಡಿದೆ. ಕಡೆಗೆ ಒಬ್ಬ ಮುದುಕ ನಗುತ್ತ, "ಅಳಿವೆ ದಾಟೂ ಹೊತ್ತಿಗೆ ಹಿಂದೆ ನೋಡೂಕಾಗ ಅಕ್ಕೋರೆ. ನಮ್ಮ ಅಪ್ಪನೂ ನೋಡ್ಲಿಲ್ಲ, ಅಜ್ಜನೂ ನೋಡ್ಲಿಲ್ಲ. ನಿಮ್ಮ ಐದು ಮಾರ್ಕು ನೀವೇ ಇಟ್ಕೊಳ್ಳಿ," ಎಂದ. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ನೀರಿಗಿಳಿಯದ ಅಕ್ಕೋರು ನಮಗೆ ಬೋಟು ಬಿಡೂಕೆ ಕಲಿಸ್ತ್ರಂತೆ ಎಂಬ ನಗೆ ಮೊದಲ ತಿಂಗಳು ಬಂದರದ ತುಂಬ ಓಡಾಡಿತು. ನಾನು ಜಗ್ಗಲಿಲ್ಲ. ಎರಡನೇ ತಿಂಗಳಿಗೆ ಬೆಂಚು ಸಾಲದಷ್ಟು ಜನ ಬಂದರು.

ಪೆಟ್ಟಿಗೆಯಿಂದ ಇನ್ನೊಂದು ಕೆಲಸವೂ ಆಗಬೇಕಿತ್ತು, ಅದರ ಬಗ್ಗೆಯೇ ನನಗೆ ಹೆಚ್ಚು ಹೆಮ್ಮೆ. ಬೋಟು ಮಗುಚಿ ಬದುಕಿ ಬಂದವರಲ್ಲಿ ಕೆಲವರಿಗೆ ಮೈಗೆ ಏನೂ ಆಗಿರುವುದಿಲ್ಲ, ಆದರೆ ಮತ್ತೆ ಕಡಲಿಗೆ ಕಾಲೇಳುವುದಿಲ್ಲ. ಮನೆಯಲ್ಲಿ ಕೂರುತ್ತಾರೆ, ಕುಡಿಯುತ್ತಾರೆ, ಹೆಂಡತಿ ಮಕ್ಕಳ ಮೇಲೆ ರೇಗುತ್ತಾರೆ. ಅಂಥವರನ್ನು ಕೋಣೆಯೊಳಗೆ ಕುರ್ಚಿಯ ಮೇಲೆ ಕೂರಿಸಿ, ಮೊದಲು ಶಾಂತವಾದ ನೀರು ತೋರಿಸಿ, ದಿನಕ್ಕಿಷ್ಟು ತೆರೆ ಏರಿಸುತ್ತ ಹೋಗಿ ಧೈರ್ಯ ಮರಳಿಸುವುದು. ಹೀಗೆ ಬಂದವನು ದುರ್ಗಪ್ಪ.

ದುರ್ಗಪ್ಪನಿಗೆ ಆಗ ಮೂವತ್ತೈದರ ಹತ್ತಿರ. ಬೋಟು ನಡೆಸುವ ಮುಖ್ಯಸ್ಥನಿಗೆ ತಾಂಡೇಲ ಎನ್ನುತ್ತಾರೆ. ಅವನು ಹೆಸರಾದ ತಾಂಡೇಲನಾಗಿದ್ದ. ಮೂರು ವರ್ಷದ ಹಿಂದೆ, ಮಳೆಗಾಲದ ಬಿಡುವು ಮುಗಿದು ಬೋಟು ಇಳಿಸಿದ ದಿನವೇ ಅವನ ಬೋಟು ಅಳಿವೆಯಲ್ಲಿ ಮಗುಚಿತು. ಆರು ಜನ ದಡ ಸೇರಿದರು, ಒಬ್ಬ ಸೇರಲಿಲ್ಲ. ಆಮೇಲೆ ದುರ್ಗಪ್ಪ ಐಸ್ ಫ್ಯಾಕ್ಟರಿಯಲ್ಲಿ ಐಸ್ ಹೊರುವ ಕೆಲಸಕ್ಕೆ ಸೇರಿದ. ಸತ್ತವನ ಮನೆಯ ಮುಂದೆ ಹಾದು ಹೋಗಬೇಕಾಗುತ್ತದೆಂದು ಅರ್ಧ ಮೈಲಿ ಬಳಸಿ ಕೆಲಸಕ್ಕೆ ಹೋಗುತ್ತಿದ್ದನಂತೆ. ಅವನ ಹೆಂಡತಿ ನಾಗವೇಣಿ ಮೀನು ಬುಟ್ಟಿ ಹೊತ್ತು ಮನೆ ಮನೆ ತಿರುಗುವವಳು. ಅವಳೇ ಗಂಡನನ್ನು ಕೈಹಿಡಿದು ನಮ್ಮ ಬಾಗಿಲಿಗೆ ತಂದು ಬಿಟ್ಟಳು. "ಹೊರಗೆ ಕೂತಿರ್ತೆ ಅಕ್ಕೋರೆ. ಓಡಿ ಬಂದ್ರೆ ಹಿಡ್ಕಂಡು ಮತ್ತೆ ಒಳಗೆ ಕಳಿಸ್ತೆ," ಎಂದಳು. ಗಟ್ಟಿ ಹೆಣ್ಣು.

ಇಲ್ಲಿ ದುರ್ಗಪ್ಪನ ಅಪ್ಪ ಜಟ್ಟಪ್ಪನ ವಿಷಯ ಹೇಳಬೇಕು. ನಾನು ಹೊನ್ನಾವರಕ್ಕೆ ಬರುವ ಹೊತ್ತಿಗೆ ಅವನು ಕಾಮಾಲೆಯಾಗಿ ತೀರಿಕೊಂಡಿದ್ದ. ನಾನು ಅವನನ್ನು ಕಂಡವಳಲ್ಲ, ಅವನದೊಂದು ಫೋಟೋ ಕೂಡ ನೋಡಿದವಳಲ್ಲ. ಅವನು ಅಳಿವೆ ದಾಟಿಸುವವನಾಗಿದ್ದ. ಬೋಟು ಇಳಿಸುವ ಮೊದಲು ಸಣ್ಣ ದೋಣಿಯಲ್ಲಿ ಗಳು ಎಂಬ ಉದ್ದ ಬಿದಿರು ಕೋಲು ಹಿಡಿದು ಹೋಗಿ ನೀರಿನಾಳ ಚುಚ್ಚಿ ನೋಡುವುದು, ಬೋಟು ಹೊರಡುವ ದಿನ ಮರಳಿನ ಚಾಚಿನ ತುದಿಯಲ್ಲಿ ನಿಂತು ದಾರಿ ತೋರಿಸುವುದು. ಮಗನ ಬೋಟು ಮಗುಚಿದ್ದು ಅಪ್ಪ ಸತ್ತ ವರ್ಷವೇ, ಅಲ್ಲಿ ಯಾರೂ ನಿಲ್ಲದ ಮೊದಲ ವರ್ಷ. ಜಟ್ಟಪ್ಪ ಏನು ಸನ್ನೆ ಮಾಡುತ್ತಿದ್ದ, ಹೇಗೆ ಮಾಡುತ್ತಿದ್ದ ಎಂದು ನಾನು ಯಾರನ್ನೂ ಕೇಳಲಿಲ್ಲ. ನಮ್ಮಲ್ಲಿ ಅಳತೆಯ ನಕ್ಷೆ ಇತ್ತಲ್ಲ, ಮುದುಕನ ಸನ್ನೆ ಕಟ್ಟಿಕೊಂಡು ನನಗೇನಾಗಬೇಕಿತ್ತು?

ಮೊದಲ ದಿನ ದುರ್ಗಪ್ಪ ಪೆಟ್ಟಿಗೆ ಕಿತ್ತೆಸೆದು ಹೊರಗೆ ಹೋಗಿ ವಾಂತಿ ಮಾಡಿದ. ಎರಡನೇ ದಿನ ಚಕ್ರ ಮುಟ್ಟಲಿಲ್ಲ, ಸುಮ್ಮನೆ ನೀರು ನೋಡಿದ. ಹೀಗೆ ಆರು ವಾರ. ನಾನು ಪಟ್ಟು ಬಿಡುವವಳಲ್ಲ, ಅವನೂ ಅಲ್ಲ. ಮೇ ಕೊನೆಗೆ ಎಷ್ಟು ದೊಡ್ಡ ತೆರೆ ಬಿಟ್ಟರೂ ಅವನ ಕೈ ನಡುಗದಾಯಿತು. ಆ ದಿನ ಅವನು ಪೆಟ್ಟಿಗೆ ಬಿಚ್ಚಿ, ಬೆವರು ಒರೆಸಿಕೊಂಡು, ಮೂರು ವರ್ಷದ ಮೇಲೆ ಮೊದಲ ಸಲ ನಕ್ಕನೆಂದು ನಾಗವೇಣಿ ಹೇಳಿದಳು. ನನಗೆ ಕಣ್ಣು ತುಂಬಿ ಬಂತು. ಭಟ್ಕಳದ ಬೋಟಿನ ಮಾಲಕರೊಬ್ಬರು, "ಅಕ್ಕೋರು ಪಾಸು ಮಾಡ್ಲಿ, ಈ ಸಲ ನನ್ನ ಬೋಟು ಅವನಿಗೇ," ಎಂದು ಮಾತು ಕೊಟ್ಟರು. ಐಸ್ ಹೊರುವವನು ಮತ್ತೆ ತಾಂಡೇಲನಾಗುವುದು ಈಗ ನನ್ನ ಪರೀಕ್ಷೆಯ ಮೇಲೆ ನಿಂತಿತ್ತು.

ಪರೀಕ್ಷೆ ಜೂನ್ ಮೊದಲ ವಾರ, ಮಧ್ಯಾಹ್ನ. ದುರ್ಗಪ್ಪ ಪೆಟ್ಟಿಗೆ ಕಟ್ಟಿಕೊಂಡು ಕೂತ. ಅವನಿಗೆ ಕಾಣುವುದೆಲ್ಲ ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲೂ ಕಾಣುತ್ತದೆ. ಬಂದರು ಬಿಟ್ಟ, ಅಳಿವೆಗೆ ಬಂದ, ಎಲ್ಲ ಸರಿ. ಬಡಗು ಹಾದಿಯ ಬಾಯಿಯಲ್ಲಿ ತಟ್ಟನೆ ವೇಗ ಇಳಿಸಿದ. ಸ್ವಲ್ಪ ಹೊತ್ತು ತೇಲುತ್ತ ನಿಂತ. ಆಮೇಲೆ ಚಕ್ರ ಪೂರಾ ತೆಂಕಿಗೆ ತಿರುಗಿಸಿ ಹೊರಟ. ತೆಂಕಿಗೆ ನಕ್ಷೆಯ ಪ್ರಕಾರ ಎದೆಮಟ್ಟದ ನೀರೂ ಇಲ್ಲ. ಪರದೆ ಕೆಂಪಾಯಿತು: ಬೋಟು ದಿಬ್ಬಕ್ಕೆ ಹತ್ತಿತು.

"ಎಂತ ಮಾಡ್ದೆ ದುರ್ಗಪ್ಪ! ಅಲ್ಲಿ ಹಾದಿ ಎಲ್ಲುಂಟು?" ಎಂದು ಕೂಗಿದೆ. ಅವನು ಪೆಟ್ಟಿಗೆ ಬಿಚ್ಚಿ ನನ್ನನ್ನೇ ನೋಡಿದ. ಹೆದರಿದವನ ಮುಖವಲ್ಲ ಅದು.

"ಅಪ್ಪ ನಿಂತಿದ್ದ ಅಕ್ಕೋರೆ. ಮರಳಿನ ಮೇಲೆ. ತೆಂಕಿಗೆ ಹೋಗು ಹೇಳಿ ತೋರಿಸ್ದ," ಎಂದ.

ಪ್ರಕಾಶ ಆ ವಾರ ಯಂತ್ರ ಸರಿ ನೋಡಲು ಬಂದಿದ್ದ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಪರದೆಯಲ್ಲಿ ಮರಳು ಖಾಲಿಯಿತ್ತು, ಪ್ರೋಗ್ರಾಮಿನಲ್ಲಿ ಮನುಷ್ಯರೇ ಇಲ್ಲ. ಮನುಷ್ಯರನ್ನು ಬಿಡಿಸುವಷ್ಟು ಶಕ್ತಿ ಆ ಹಳೇ ಕಂಪ್ಯೂಟರಿಗಿರಲಿಲ್ಲ. ತೆಂಗಿನ ಮರಗಳೇ ಹಸಿರು ಪೊರಕೆಯ ಹಾಗೆ ಕಾಣುತ್ತಿದ್ದವು. ಆರು ವಾರದ ದುಡಿಮೆ ನೀರಲ್ಲಿ ಹೋಮವಾಯಿತಲ್ಲ ಎಂದು ನನಗೆ ಸಿಟ್ಟು ಬಂತು. ದುರ್ಗಪ್ಪನನ್ನು ಹೊರಗೆ ನಾಗವೇಣಿಯ ಹತ್ತಿರ ಕೂರಿಸಿ ಬಂದೆ. ಪೆಟ್ಟಿಗೆಯೊಳಗಿನ ಪರದೆಯ ಮೇಲೆ ಏನೋ ಕಲೆಯೋ ನೆರಳೋ ಬಿದ್ದಿರಬೇಕು, ಅದನ್ನು ಹಿಡಿದು ತೋರಿಸಿ ಅವನ ಭ್ರಮೆ ಬಿಡಿಸುತ್ತೇನೆ ಎಂದುಕೊಂಡು ಪೆಟ್ಟಿಗೆ ನಾನೇ ಕಟ್ಟಿಕೊಂಡೆ. ಕರುವಿನ ಹಗ್ಗ ಹಿಡಿಯಲು ಹೊರಟವಳ ಠೀವಿ ಅದು.

ಬಂದರು ಬಿಟ್ಟೆ. ಅದೇ ಪೇಲವ ಕಡಲು, ಅವೇ ಪೊರಕೆ ಮರಗಳು. ಅಳಿವೆಗೆ ಬಂದು ಬಡಗು ಹಾದಿಗೆ ಬೋಟು ನೇರ ಮಾಡಿದೆ. ಮರಳಿನ ಚಾಚಿನ ತುದಿಯಲ್ಲಿ ಒಬ್ಬ ಮನುಷ್ಯ ನಿಂತಿದ್ದ.

ಕಲೆಯಲ್ಲ, ನೆರಳಲ್ಲ. ಬರಿಮೈಯ ಮುದುಕ. ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆ, ಪಕ್ಕೆಲುಬು ಎಣಿಸುವಷ್ಟು ಸ್ಪಷ್ಟ. ಸುತ್ತಲಿನ ಎಲ್ಲವೂ ಬಣ್ಣ ಬಳಿದ ರಟ್ಟಿನಂತಿದ್ದರೆ ಅವನೊಬ್ಬ ಮಾತ್ರ ನೀವು ನಾನು ಇದ್ದ ಹಾಗೆ ಇದ್ದ. ಕೈಯಲ್ಲಿ ಕೆಂಪು ಚೌಕುಳಿಯ ಟುವಾಲು, ಅದು ಗಾಳಿಗೆ ಹಾರಾಡುತ್ತಿತ್ತು. ನಮ್ಮ ಪ್ರೋಗ್ರಾಮಿನಲ್ಲಿ ಗಾಳಿ ಇಲ್ಲ.

ಅವನು ಟುವಾಲು ಮಡಚಿ ತಲೆಯ ಮೇಲೆ ಇಟ್ಟು ಎರಡೂ ಕೈಯಿಂದ ಒತ್ತಿ ಹಿಡಿದ. ಅರ್ಥ ಏನೆಂದು ನನಗೆ ಯಾರೂ ಹೇಳಿರಲಿಲ್ಲ, ಆದರೂ ನನ್ನ ಕೈ ತಾನಾಗಿ ವೇಗ ಇಳಿಸಿತು. ಎರಡು ತೆರೆ ಹೋದವು. ಆಮೇಲೆ ಟುವಾಲಿನ ಎರಡು ತುದಿ ಹಿಡಿದು ತಲೆಯ ಮೇಲೆ ಎಳೆದು ಕಟ್ಟಿದ ಹಗ್ಗದಂತೆ ಬಿಗಿದು, ಇಡೀ ಮೈಯನ್ನು ತೆಂಕಿಗೆ ವಾಲಿಸಿದ. ನಾನು ಚಕ್ರ ತೆಂಕಿಗೆ ತಿರುಗಿಸಿದೆ. ಅವನು ಸರಕ್ಕನೆ ಕೈ ಕೆಳಗಿಳಿಸಿದ. ವೇಗ ಹೆಚ್ಚಿಸಿದೆ. ದಿಬ್ಬ ಸಿಗಲಿಲ್ಲ. ಪರದೆ ಕೆಂಪಾಗಲಿಲ್ಲ. ಬೋಟು ಏರಿತು, ಇಳಿಯಿತು, ಮತ್ತೆ ಏರಿತು, ಆಮೇಲೆ ಮುಂದೆ ಬರೀ ಕಡಲು.

ಆಗ ನಾನು ಮೀನುಗಾರರು ಯಾರೂ ಮಾಡದ ಕೆಲಸ ಮಾಡಿದೆ, ಹಿಂದೆ ತಿರುಗಿ ನೋಡಿದೆ. ಮುದುಕ ಅಲ್ಲೇ ಇದ್ದ. ಒಣಗಿದ ಟುವಾಲನ್ನೇ ನೀರು ಹಿಂಡುವವನಂತೆ ಎರಡು ಸಲ ಹಿಂಡಿದ. ಎಡ ಹೆಗಲಿಗೆ ಹಾಕಿಕೊಂಡ. ಆಮೇಲೆ ಕಡಲಿಗೆ ಬೆನ್ನು ಹಾಕಿ ನಿಂತ. ಎಷ್ಟು ಹೊತ್ತು ನೋಡಿದರೂ ಈ ಕಡೆ ತಿರುಗಲಿಲ್ಲ.

"ಮೇಡಂ, ದಿಬ್ಬಕ್ಕೆ ಹತ್ತಿಸಿ ಎರಡು ನಿಮಿಷ ಆಯ್ತು. ಏನು ನೋಡ್ತಾ ಕೂತಿದ್ದೀರಿ?" ಪ್ರಕಾಶನ ದನಿ.

ಪೆಟ್ಟಿಗೆ ಬಿಚ್ಚಿದೆ. ಮೇಜಿನ ಮೇಲಿನ ಪರದೆ ಕೆಂಪಾಗಿ ಕೂತಿತ್ತು. ಅದರಲ್ಲಿ ನನ್ನ ಬೋಟು ತೆಂಕಿನ ದಿಬ್ಬದ ಮೇಲೆ ಅಲ್ಲಾಡದೆ ನಿಂತಿತ್ತು. ಮರಳಿನ ಚಾಚು ಖಾಲಿ. ಪ್ರಕಾಶನ ಕೈಯಲ್ಲಿ ಬಾಳೆಹಣ್ಣಿನ ಸಿಪ್ಪೆ. ನಾನು "ಏನಿಲ್ಲ" ಎಂದೆ.

ಹೊರಗೆ ಬಂದಾಗ ದುರ್ಗಪ್ಪ ಎದ್ದು ನಿಂತ. "ಕಂಡ್ರಾ ಅಕ್ಕೋರೆ?" ಎಂದ.

ಆ ಕ್ಷಣದ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ. ಬೆಂಚಿನ ಮೇಲೆ ಏಳೆಂಟು ಜನ ಹುಡುಗರು ಕೂತು ಕಿವಿ ನಿಮಿರಿಸಿದ್ದರು. ಕಣ್ಣಿನ ಪೆಟ್ಟಿಗೆಯಲ್ಲಿ ಅಕ್ಕೋರು ಭೂತ ಕಂಡ್ರಂತೆ ಎಂದು ಸಂಜೆಯೊಳಗೆ ಮುರ್ಡೇಶ್ವರದ ತನಕ ಸುದ್ದಿ ಮುಟ್ಟುತ್ತಿತ್ತು. ಒಂದು ತಿಂಗಳ ನಗೆ ನುಂಗಿಕೊಂಡು ಗಳಿಸಿದ ಮರ್ಯಾದೆ ಅದು. "ಎಂತದೂ ಇಲ್ಲ ದುರ್ಗಪ್ಪ. ಖಾಲಿ ಮರಳು. ನಿನ್ನ ಮನಸ್ಸು ಹಾಗೆ ತೋರಿಸಿದೆ, ಅಷ್ಟೇ," ಎಂದೆ.

ಅವನು ಹೆಂಡತಿಯ ಪಕ್ಕ ಮತ್ತೆ ಕೂತ. "ಆತು. ನೀವು ಹೇಳಿದ್ರೆ ಆತು," ಎಂದ.

ಅದರಷ್ಟು ಭಾರದ ಮಾತನ್ನು ನಾನು ಕೇಳಿಲ್ಲ. ಮರುದಿನದಿಂದ ಅವನು ಬಡಗು ಹಾದಿಯನ್ನೇ ಮತ್ತೆ ಮತ್ತೆ ದಾಟಿದ. ಮರಳಿನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಹತ್ತು ದಿನದ ಮೇಲೆ ಮತ್ತೆ ಪರೀಕ್ಷೆ ಮಾಡಿದೆ, ಸುತ್ತಲೂ ಗಮನದ ಐದು ಬಿಟ್ಟು ಉಳಿದೆಲ್ಲ ಅಂಕ ಬಂತು. ಪಾಸು ಮಾಡಿ ಸಹಿ ಹಾಕಿದೆ. ನಾನೂ ಪೆಟ್ಟಿಗೆ ಎರಡು ಮೂರು ಸಲ ಕಟ್ಟಿಕೊಂಡು ನೋಡಿದೆ. ಯಾರೂ ಇರಲಿಲ್ಲ. ಕಣ್ಣಿನ ದಣಿವು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಮಳೆ ಬಂತು, ಬೋಟುಗಳು ದಡ ಸೇರಿದವು. ಆ ಮಳೆಗಾಲ ಒಂದು ತಪ್ಪು ನಡೆಯಿತು. ಅದರಲ್ಲಿ ನನ್ನ ಪಾಲು ದೊಡ್ಡದು. ಜಟ್ಟಪ್ಪ ಹೋದ ಮೇಲೂ ಬೋಟು ಇಳಿಸುವ ಮೊದಲು ಯಾರಾದರೊಬ್ಬರು ಅರೆಮನಸ್ಸಿನಿಂದಾದರೂ ಬಿದಿರು ಗಳು ಹಿಡಿದು ಹೋಗಿ ಆಳ ನೋಡುತ್ತಿದ್ದರು. ಈ ಸಲ ಯಾರೂ ಹೋಗಲಿಲ್ಲ. "ಎಲ್ಲಾ ಅಕ್ಕೋರ ಕಂಪ್ಯೂಟ್ರಲ್ಲಿ ಬಂದದೆ ಮಾರಾಯ, ಗಳು ಎಂತಕ್ಕೆ?" ಎಂದು ಬಂದರದಲ್ಲಿ ಹೇಳುತ್ತಿದ್ದದ್ದನ್ನು ನಾನೇ ಕೇಳಿದೆ. ಕೇಳಿ ಉಬ್ಬಿದೆ. ಮಾರ್ಚಿನ ಅಳತೆ ಮಳೆಗಾಲದ ನೆರೆ ಮರಳನ್ನು ಸರಿಸಿದ ಮೇಲೂ ಹಾಗೇ ಇರುತ್ತದೆಯೇ ಎಂದು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಅಕ್ಟೋಬರಿನಲ್ಲಿ ಹೊಸ ಅಳತೆ ಮಾಡಿಸುವುದೆಂದು ಕಾಗದದಲ್ಲಿ ಬರೆದಿಟ್ಟಿದ್ದೆವು, ಬೋಟು ಇಳಿಯುವುದೇ ಆಗಸ್ಟಿನಲ್ಲಿ!

ಬೋಟು ಇಳಿಸುವ ದಿನ ಬೆಳಿಗ್ಗೆ ಬಂದರದವರೆಲ್ಲ ದಂಡೆಯಲ್ಲಿದ್ದರು. ಕಡಲಿಗೆ ಹಾಲು ಎರೆದು, ತೆಂಗಿನಕಾಯಿ ಬಿಟ್ಟಾಯಿತು. ಮೊದಲು ಹೊರಟದ್ದು ದುರ್ಗಪ್ಪನ ಬೋಟು. ಮೂರು ವರ್ಷದ ಮೇಲೆ ಚಕ್ರ ಹಿಡಿದವನಿಗೆ ಮೊದಲ ಸರದಿ ಎಂದು ಎಲ್ಲರೂ ಸೇರಿ ಬಿಟ್ಟುಕೊಟ್ಟಿದ್ದರು. ಹಿಂದೆ ಇನ್ನೊಂದು ಬೋಟು. ನಾನು, ನಾಗವೇಣಿ ಮರಳಿನ ಚಾಚಿನ ಮೇಲೆ ನಡೆದು ತುದಿಯ ಹತ್ತಿರ ಬಂದಿದ್ದೆವು. ಅವಳು ಬೋಟಿನಿಂದ ಕಣ್ಣು ಕೀಳದೆ ದೇವರ ಹೆಸರು ಹೇಳುತ್ತಿದ್ದಳು. "ಪಾಸಾದವ, ಹೆದರಬೇಡ," ಎಂದು ನಾನೇ ಧೈರ್ಯ ಹೇಳುತ್ತಿದ್ದೆ.

ದುರ್ಗಪ್ಪ ಬಡಗು ಹಾದಿಗೆ ಬೋಟು ನೇರ ಮಾಡಿದ. ನಾನು ಕಲಿಸಿದ ಹಾಗೇ, ಒಂದು ಅಂಗುಲ ಆಚೀಚೆ ಇಲ್ಲದೆ. ನೀರು ನೋಡಲು ಸಮನಾಗಿಯೇ ಇತ್ತು. ಆಗ ಒಂದು ದೊಡ್ಡ ತೆರೆ ಬಂದು ಆ ಹಾದಿಯ ನಟ್ಟನಡುವೆ ಒಡೆಯಿತು. ಇಳಿದಾಗ ಕೆಳಗಿನಿಂದ ಕಂದು ಬಣ್ಣದ ಕೆಸರು ನೀರು ಎದ್ದಿತು. ಆಳವಿರುವ ಕಡೆ ತೆರೆ ಒಡೆಯುವುದಿಲ್ಲ ಎಂದು ಪಾಠ ಹೇಳುತ್ತಿದ್ದವಳು ನಾನೇ. ಬಡಗು ಹಾದಿಯಲ್ಲಿ ಮರಳು ಕೂತುಬಿಟ್ಟಿತ್ತು.

ಆಮೇಲೆ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ನಾಗವೇಣಿಯ ತಲೆಯ ಮೇಲೆ ಬುಟ್ಟಿಯಡಿ ಸುತ್ತಿಡುವ ಸಿಂಬೆಯ ಬಟ್ಟೆ ಇತ್ತು. ಅದನ್ನು ಕಿತ್ತುಕೊಂಡು ಚಾಚಿನ ತುದಿಗೆ ಓಡಿದೆ. ಬಟ್ಟೆ ಮಡಚಿ ತಲೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದೆ. ಬೋಟಿನ ಸದ್ದು ತಟ್ಟನೆ ಇಳಿಯಿತು. ದುರ್ಗಪ್ಪ ನನ್ನನ್ನು ಕಂಡಿದ್ದ. ಒಂದು ತೆರೆ ಹೋಯಿತು, ಎರಡು ಹೋಯಿತು. ತೆಂಕಿಗೆ ನೋಡಿದೆ, ಅಲ್ಲಿ ತೆರೆ ಒಡೆಯದೆ ಉದ್ದಕ್ಕೂ ಉರುಳಿ ಬರುತ್ತಿತ್ತು. ಬಟ್ಟೆಯ ಎರಡು ತುದಿ ಹಿಡಿದು ತಲೆಯ ಮೇಲೆ ಬಿಗಿದು ಇಡೀ ಮೈಯನ್ನು ತೆಂಕಿಗೆ ವಾಲಿಸಿದೆ. ಬೋಟಿನ ಮೂತಿ ನಿಧಾನವಾಗಿ ತೆಂಕಿಗೆ ತಿರುಗಿತು. ಕೈ ಕೆಳಗಿಳಿಸಿದೆ. ಅವನು ಪೂರಾ ವೇಗ ಕೊಟ್ಟ. ಬೋಟು ಏರಿತು, ಇಳಿಯಿತು, ಮತ್ತೆ ಏರಿತು, ಕಡಲು ಸೇರಿತು.

ಹಿಂದಿನ ಬೋಟಿನವನು ಎಳೆಯ ತಾಂಡೇಲ, ನನ್ನ ಶಿಷ್ಯನೇ. ಅವನಿಗೆ ಸನ್ನೆ ತಿಳಿಯದು. ನಾನು ಕಲಿಸಿದ್ದನ್ನೇ ನಂಬಿ ನೇರ ಬಡಗು ಹಾದಿಗೆ ನುಗ್ಗಿದ. ಬೋಟು ಮರಳಿಗೆ ಹತ್ತಿ, ಅಡ್ಡ ತಿರುಗಿ, ಮಗುಚಿತು. ದಡದವರೆಲ್ಲ ಹಗ್ಗ ಹಿಡಿದು ನೀರಿಗೆ ಹಾರಿದರು. ದೇವರು ದೊಡ್ಡವನು, ಏಳೂ ಜನ ಜೀವಂತ ಬಂದರು. ಬೋಟು ಮಾತ್ರ ಹಲಗೆ ಹಲಗೆಯಾಯಿತು.

ಆ ಗದ್ದಲ ಶುರುವಾಗುವ ಮೊದಲು, ದುರ್ಗಪ್ಪನ ಬೋಟು ಕಡಲು ಸೇರಿದ ಕೂಡಲೇ ನಾನು ಒಂದು ಕೆಲಸ ಮಾಡಿದ್ದೆನಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನನ್ನ ಕೈ ಮಾಡಿದ್ದು ನನಗೆ ಗೊತ್ತಾದದ್ದು ನಾಗವೇಣಿ ಹೇಳಿದ ಮೇಲೆ. ಒಣ ಸಿಂಬೆ ಬಟ್ಟೆಯನ್ನು ಎರಡು ಸಲ ಹಿಂಡಿ, ಎಡ ಹೆಗಲಿಗೆ ಹಾಕಿಕೊಂಡು, ಕಡಲಿಗೆ ಬೆನ್ನು ಹಾಕಿ ನಿಂತಿದ್ದೆ.

ಎಲ್ಲರೂ ದಡ ಸೇರಿ, ಅಳು ನಗು ಎಲ್ಲ ಮುಗಿದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕೋರೆ, ಅದು ನಿಮಗೆ ಯಾರು ಹೇಳಿಕೊಟ್ಟದ್ದು?"

"ಯಾವುದು? ಸನ್ನೆಯಾ? ಬೋಟಿನವರೆಲ್ಲ ಬಲ್ಲರಲ್ಲ," ಎಂದೆ ತಪ್ಪಿಸಿಕೊಳ್ಳಲು.

"ತಲೆ ಮೇಲೆ ಇಡೂದು, ವಾಲೂದು, ಹಳೇ ತಾಂಡೇಲರಿಗೆ ಗೊತ್ತು. ಹಿಂಡಿ ಹೆಗಲಿಗೆ ಹಾಕಿ ಬೆನ್ನು ಹಾಕೂದು ಯಾರಿಗೂ ಗೊತ್ತಿಲ್ಲ. ಬೋಟಿನವ್ರು ಹಿಂದೆ ನೋಡೂದಿಲ್ಲ, ಕಾಂಬೂದು ಹೇಂಗೆ? ಮಾವ ನಿಂತ ದಿನ ಇಲ್ಲಿಗೆ ಗಂಜಿ ತಕಂಡು ಬರ್ತಿದ್ದವಳು ನಾ ಒಬ್ಬಳೇ. ದಾಟಿಸಿದವ ಬೆನ್ನು ಹಾಕ್ಬೇಕು, ನೋಡ್ತಾ ನಿಂತ್ರೆ ಇವನಿಗೆ ಇನ್ನೂ ಹೆದರಿಕೆ ಅದೆ ಹೇಳಿ ಕಡಲಿಗೆ ತಿಳೀತದೆ ಅಂತಿದ್ದ. ನನ್ನ ಗಂಡನಿಗೂ ನಾ ಇದನ್ನ ಹೇಳಿಲ್ಲ." ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಹಿಂದೆ ನೋಡಿದ್ರಾ?"

ಇನ್ನು ಸುಳ್ಳು ಹೇಳುವ ತಾಕತ್ತು ನನ್ನಲ್ಲಿರಲಿಲ್ಲ. "ನೋಡಿದೆ," ಎಂದೆ. ಎಲ್ಲ ಹೇಳಿದೆ. ಮರಳಿನ ಮೇಲೆ ಕೂತು ಅತ್ತೆ. ಅವಳು ಬೈಯಲಿಲ್ಲ. ನನ್ನ ಹೆಗಲ ಮೇಲಿದ್ದ ಬಟ್ಟೆ ತೆಗೆದುಕೊಂಡು ಸಿಂಬೆ ಸುತ್ತಿ ತಲೆಗೆ ಇಟ್ಟುಕೊಂಡಳು. "ಆತು, ಏಳಿ. ಮೀನು ಬರೂ ಹೊತ್ತಾತು," ಎಂದಳು.

ಪ್ರಕಾಶನಿಗೆ ಫೋನು ಮಾಡಿ ಕರೆಸಿದೆ. ಮೂರು ದಿನ ಕೂತು ಪ್ರೋಗ್ರಾಮಿನ ಒಂದೊಂದು ಸಾಲನ್ನೂ ನೋಡಿದ. ಯಂತ್ರದಲ್ಲಿ ಉಳಿದಿದ್ದ ಆ ಮಧ್ಯಾಹ್ನದ ದಾಖಲೆ ತೆಗೆದು ತೋರಿಸಿದ: ನನ್ನ ಬೋಟು ತೆಂಕಿಗೆ ತಿರುಗಿ, ದಿಬ್ಬಕ್ಕೆ ಹತ್ತಿ, ನಿಂತಿದೆ. ಮನುಷ್ಯನಿಲ್ಲ. ಫೋಟೋಗಳಲ್ಲಿ ಯಾರಾದರೂ ಸಿಕ್ಕಿಬಿದ್ದಿದ್ದರೆ ಎಂದು ಅದನ್ನೂ ನೋಡಿದೆವು. ಒಂದು ನಾಯಿ ಕೂಡ ಇರಲಿಲ್ಲ. ಇದ್ದಿದ್ದರೂ ಮಾರ್ಚಿನಲ್ಲಿ ತೆಗೆದ ಫೋಟೋಕ್ಕೆ ಆಗಸ್ಟಿನ ಹಾದಿ ಗೊತ್ತಾಗುವುದು ಹೇಗೆ? ನಾಗವೇಣಿಯ ಬಾಯಿಂದ ಯಾವಾಗಲೋ ಕೇಳಿ ಮರೆತಿರಬಹುದು ಎಂದು ಪ್ರಕಾಶ ಹೇಳಿದ. ಅವಳು ಹೇಳಿಲ್ಲ ಎನ್ನುತ್ತಾಳೆ, ಮತ್ತು ಅವಳು ನನ್ನಂತೆ ಸುಳ್ಳು ಹೇಳುವವಳಲ್ಲ. ನನ್ನ ಬುದ್ಧಿಗೆ ನಿಲುಕಿದ ಎಲ್ಲ ಕಾರಣಗಳನ್ನೂ ಹಚ್ಚಿ ನೋಡಿದ್ದೇನೆ. ಒಂದೂ ಪೂರಾ ಕೂರುವುದಿಲ್ಲ.

ಇದರಿಂದ ನಾನು ಯಂತ್ರ ಬಿಟ್ಟು ಮಂತ್ರ ಹಿಡಿದೆನೆಂದು ತಿಳಿಯಬೇಡಿ. ಪೆಟ್ಟಿಗೆ ಕೆಡುವ ತನಕ ಅದರಲ್ಲಿ ಕಲಿಸಿದೆ, ಕಲಿತವರು ಇವತ್ತೂ ಕಡಲಿನಲ್ಲಿದ್ದಾರೆ, ಹೆದರಿ ಮೂಲೆ ಸೇರಿದ್ದ ಐದಾರು ಜನ ಎದ್ದು ನಿಂತರು. ಅಂಥ ಸಾಮಾನು ನಾಳೆ ಮತ್ತೆ ಬಂದರೆ ಮತ್ತೆ ಕಲಿಸುತ್ತೇನೆ. ಎರಡು ಮಾತ್ರ ಬದಲಾಯಿಸಿದೆ. ಅಂಕದ ಹಾಳೆಯಿಂದ ಆ ಐದು ಅಂಕ ಹೊಡೆದು ಹಾಕಿದೆ. ಆ ಜಾಗದಲ್ಲಿ, ಬೋಟು ಇಳಿಸುವ ಮೊದಲು ಗಳು ಹಿಡಿದು ಹೋಗಿ ಆಳ ನೋಡಿ ಬರುವುದು ಎಂದು ಬರೆಸಿದೆ. ಅದಕ್ಕೆ ಹತ್ತು ಅಂಕ.

ದುರ್ಗಪ್ಪ ಬೋಟು ಇಳಿಸಿದ ಆ ದಿನ ಸಂಜೆ ಮರಳಿ ಬಂದವನು ನನ್ನನ್ನು ಏನೂ ಕೇಳಲಿಲ್ಲ. ಕಂಡ್ರಾ ಎಂದು ಕೇಳಿದ್ದವನು, ಇಲ್ಲ ಎಂದಿದ್ದವಳು, ಇಬ್ಬರೂ ಎದುರುಬದುರು ನಿಂತಿದ್ದೆವು. ಅವನು ಬುಟ್ಟಿಯಿಂದ ಎರಡು ದೊಡ್ಡ ಇಸೋಣ ಮೀನು ಎತ್ತಿ ನನ್ನ ಕೈಗೆ ಕೊಟ್ಟ. ನಾನು ಮೀನು ತಿನ್ನುವವಳಲ್ಲ ಎಂದು ಅವನಿಗೆ ಗೊತ್ತು. ಆದರೂ ಕೊಟ್ಟ, ನಾನೂ ತೆಗೆದುಕೊಂಡೆ. "ಬರೂ ವರ್ಷನೂ ನಿಂತ್ಕಳ್ಳಿ ಅಕ್ಕೋರೆ," ಎಂದಷ್ಟೇ ಹೇಳಿ ಹೋದ.

ಅಲ್ಲಿಂದ ಪ್ರತಿ ವರ್ಷ ನಿಲ್ಲುತ್ತಿದ್ದೇನೆ. ಮೊದಲೇ ಗಳು ಹಿಡಿದು ಹೋಗಿ ಆಳ ನೋಡಿರುತ್ತೇವೆ, ಹಾಗಾಗಿ ಅಂಜಿಕೆಯಿಲ್ಲ. ಬೋಟುಗಳು ಒಂದೊಂದಾಗಿ ದಾಟುತ್ತವೆ, ನಾನು ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ಬೆನ್ನು ಹಾಕುತ್ತೇನೆ. ಹಾಗೆ ನಿಂತಾಗ ಒಮ್ಮೊಮ್ಮೆ ಪಕ್ಕದಲ್ಲಿ ಇನ್ನೊಬ್ಬರು ಬೆನ್ನು ಹಾಕಿ ನಿಂತಿದ್ದಾರೆ ಅನ್ನಿಸುತ್ತದೆ. ಕರುವೋ ಎಮ್ಮೆಯೋ, ತಿರುಗಿ ನೋಡಿಬಿಡು ಎಂದು ಹಳೇ ಚಾಳಿ ಕೆಣಕುತ್ತದೆ. ಇಷ್ಟು ವರ್ಷವಾಯಿತು, ನಾನು ತಿರುಗಿ ನೋಡಿಲ್ಲ.